ಬೀಗಿತ್ತಿಯರಿಗೆ ಕಾಲು ಬಂದ ವರ್ಷ

ನಿವೃತ್ತಿಯಾದ ಮರುದಿನ ಎಕ್ಸರೇ ಅಮ್ಮ ಎಂದಿನಂತೆ ಐದಕ್ಕೆ ಎದ್ದು, ಸ್ನಾನ ಮಾಡಿ, ತಲೆ ಬಾಚಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಚಿಲಕಕ್ಕೆ ಕೈ ಹಾಕಿದಳು. ತಾನು ಹೋಗಬೇಕಾದ ಜಾಗ ಇನ್ನಿಲ್ಲ ಅನ್ನುವುದು ಆಕೆಗೆ ಹೊಳೆದದ್ದು ಚಿಲಕ ತೆಗೆದ ಮೇಲೆ. ಮೆಟ್ಟಿದ ಚಪ್ಪಲಿ ಬಿಚ್ಚುವುದಕ್ಕೆ ಮನಸ್ಸು ಬರಲಿಲ್ಲ. ಬೀದಿಯ ಕೊನೆಯ ಅಂಗಡಿವರೆಗೂ ನಡೆದು ಎರಡು ಲೀಟರು ಹಾಲು ಕೊಂಡು ಬಂದಳು. ಮನೆಯಲ್ಲಿ ಇದ್ದದ್ದು ಆಕೆಯೊಬ್ಬಳೇ.

ಮೂವತ್ತಮೂರು ವರ್ಷ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಆಕೆ ಜನರ ಮೂಳೆಯ ಚಿತ್ರ ತೆಗೆದಿದ್ದಳು. ಶುರುವಿನ ದಿನಗಳಲ್ಲಿ ಕೆಂಪು ದೀಪದ ಕತ್ತಲೆ ಕೋಣೆಯೊಳಗೆ ಫಿಲ್ಮು ತೊಳೆದು, ಹಿತ್ತಲ ತಂತಿಗೆ ಬಟ್ಟೆ ಹರವಿದ ಹಾಗೆ ಸಾಲಾಗಿ ಒಣಹಾಕಬೇಕಿತ್ತು. ಆಮೇಲೆ ಕಂಪ್ಯೂಟರು ಬಂತು. ಊರಿನ ಅರ್ಧ ಜನರ ಎದೆಗೂಡು ಆಕೆಗೆ ಗೊತ್ತು, ಮುಖ ಗೊತ್ತಿಲ್ಲ. ಮಾರುಕಟ್ಟೆಯಲ್ಲಿ ಯಾರಾದರೂ ನಿಲ್ಲಿಸಿ ಕುಶಲ ವಿಚಾರಿಸಿದರೆ ಆಕೆಯ ಕಣ್ಣು ಮೊದಲು ಅವರ ಹೆಗಲ ಮೇಲೆ ಹೋಗುತ್ತಿತ್ತು. ಎರಡು ಮಾತಿನ ನಂತರ, ಓ, ಎಡಗಡೆ ಕೊರಳೆಲುಬು ಮುರಿದಿತ್ತಲ್ಲ, ಈಗ ಹೇಗಿದೆ, ಎಂದು ಕೇಳುವಳು.

ಗಂಡ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವ ಕೆಲಸದಲ್ಲಿದ್ದವನು. ದಿನಕ್ಕೆ ನೂರು ಮನೆಯ ಮೆಟ್ಟಿಲು ಹತ್ತಿ ಇಳಿಯುವವನು ರಜೆಯ ದಿನ ಅಲ್ಲಾಡುತ್ತಿರಲಿಲ್ಲ. ಎಲ್ಲಿಗಾದರೂ ಹೋಗೋಣ ಎಂದರೆ, ಊರವರ ಮನೆ ಗೋಡೆ ನೋಡಿ ನೋಡಿ ಸಾಕಾಗಿದೆ, ಇವತ್ತೊಂದಿನ ನಮ್ಮನೆ ಗೋಡೆ ನೋಡ್ಕೊಂಡು ಕೂತಿರ್ತೀನಿ ಅನ್ನುತ್ತಿದ್ದ. ಮೂರು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಹಾಗೆ ಕೂತಿದ್ದವನು ಕೂತಲ್ಲೇ ಹೋಗಿಬಿಟ್ಟ. ಆಕೆ ಎಲ್ಲವನ್ನೂ ನಿಭಾಯಿಸಿ, ಎಂಟನೆಯ ದಿನಕ್ಕೆ ಕೆಲಸಕ್ಕೆ ಹೋದಳು. ಅತ್ತದ್ದನ್ನು ಯಾರೂ ನೋಡಲಿಲ್ಲ. ನಕ್ಕದ್ದನ್ನೂ ಅಷ್ಟೇ.

ಮಗಳು ಊರಿನ ಆಚೆ ಬದಿಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಹದಿನೈದು ದಿನ ಬಿಟ್ಟು ತಾಯಿಯನ್ನು ನೋಡಲು ಬಂದಾಗ ಅಡುಗೆಮನೆಯ ಡಬ್ಬಗಳೆಲ್ಲ ಎತ್ತರದ ಪ್ರಕಾರ ನಿಂತಿದ್ದವು, ಪ್ರತಿಯೊಂದಕ್ಕೂ ಆಸ್ಪತ್ರೆಯ ಅಕ್ಷರದಲ್ಲಿ ಚೀಟಿ ಅಂಟಿತ್ತು. ಮಗಳು ಆ ಸಾಲನ್ನು ಒಮ್ಮೆ ನೋಡಿ, ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿ, ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು.

ಆ ಮನೆಯಲ್ಲಿ ಆಗಲೇ ಒಬ್ಬ ಅಮ್ಮ ಇದ್ದಳು. ಮಗಳ ಅತ್ತೆ, ಅಂದರೆ ನಮ್ಮ ಎಕ್ಸರೇ ಅಮ್ಮನಿಗೆ ಬೀಗಿತ್ತಿ. ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು; ಗಂಡ ಹೋಗಿ ಆರು ವರ್ಷವಾಗಿತ್ತು. ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ, ಕೊರಳಲ್ಲಿ ಸದಾ ಅಳತೆ ಟೇಪು. ಬೀಗರೆಂದರೆ ವರ್ಷಕ್ಕೆರಡು ಸಲ ಸಿಕ್ಕಿ, ಕುರ್ಚಿಯ ಅಂಚಿನಲ್ಲಿ ಕೂತು, ಕ್ಷೇಮ ಕೇಳಿ, ಉಳಿದದ್ದಕ್ಕೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಎದ್ದು ಬರಬೇಕಾದ ನಂಟು. ಹತ್ತು ವರ್ಷ ಅದು ಹಾಗೆಯೇ ಸೊಗಸಾಗಿ ನಡೆದಿತ್ತು. ಈಗ ಒಂದೇ ಒರೆಗೆ ಎರಡು ಕತ್ತಿ.

ಒಬ್ಬಳು ಉಪ್ಪು ಹಾಕಿ ಆಚೆ ಹೋದರೆ, ಪಾಪ ಮರೆತಿರಬೇಕು ಎಂದು ಇನ್ನೊಬ್ಬಳು ಮತ್ತೆ ಹಾಕುವಳು. ಅಳಿಯ ಎರಡು ಲೋಟ ನೀರು ಇಟ್ಟುಕೊಂಡೇ ಊಟಕ್ಕೆ ಕೂರುವುದನ್ನು ಕಲಿತ. ಬೀಗಿತ್ತಿ ಮುಚ್ಚಿದ ಕಿಟಕಿಯನ್ನು ಎಕ್ಸರೇ ಅಮ್ಮ ತೆರೆಯುವಳು, ಈಕೆ ತೆರೆದದ್ದನ್ನು ಆಕೆ ಮುಚ್ಚುವಳು. ಎಂಟು ವರ್ಷದ ಮೊಮ್ಮಗಳಿಗೆ ದಿನಾ ಬೆಳಿಗ್ಗೆ ಎರಡೆರಡು ಸಲ ಜಡೆ. ಅಜ್ಜಿ ಎಂದು ಕೂಗಿದರೆ ಇಬ್ಬರೂ ಓಡಿ ಬರುತ್ತಿದ್ದರಾದ್ದರಿಂದ ಅವಳೇ ಹೆಸರು ಹಂಚಿದಳು. ಒಬ್ಬಳು ಮೂಳೆ ಅಜ್ಜಿ, ಇನ್ನೊಬ್ಬಳು ಗುಂಡಿ ಅಜ್ಜಿ.

ಹೀಗಿರುವಾಗ ಒಂದು ಸಂಜೆ ಮೊಮ್ಮಗಳು ಪಾರ್ಕಿನ ಉಯ್ಯಾಲೆಯಿಂದ ಬಿದ್ದಳು. ಮೂಳೆ ಅಜ್ಜಿ ಮುಟ್ಟಿ ನೋಡಿದವಳೇ ಬಲ ಮಣಿಕಟ್ಟಿನ ಹೊರಗಡೆಯ ಎಲುಬು, ಸಣ್ಣ ಬಿರುಕು ಎಂದಳು. ಆಸ್ಪತ್ರೆಯಲ್ಲಿ ಚಿತ್ರ ತೆಗೆದಾಗಲೂ ಅಷ್ಟೇ ಕಂಡಿತು. ಆಕೆಯ ಜಾಗಕ್ಕೆ ಬಂದಿದ್ದ ಹೊಸ ಹುಡುಗಿ ಮಗುವಿನ ಕೈಯನ್ನು ಮೇಜಿನ ಮೇಲೆ ಇಡುವಾಗ ಮೂಳೆ ಅಜ್ಜಿ ಬಾಗಿಲಲ್ಲೇ ನಿಂತು, ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಅನ್ನುತ್ತಲೇ ಇದ್ದಳು. ಕೊನೆಗೆ ಆ ಹುಡುಗಿ ಕೈಮುಗಿದು ಬಾಗಿಲು ಹಾಕಿಕೊಂಡಳು.

ಕೈಗೆ ಪಟ್ಟಿ ಬಿತ್ತು. ಮಗಳು ಅಳಿಯನ ಮದುವೆಗೆ ಆ ವಾರವೇ ಹತ್ತು ವರ್ಷ ತುಂಬುವುದಿತ್ತು, ಅದಕ್ಕೆಂದು ಅವರಿಬ್ಬರೂ ದೂರದ ಸರೋವರದ ಊರಿಗೆ ಐದು ದಿನದ ಬಸ್ ಪ್ರವಾಸ ಗೊತ್ತು ಮಾಡಿಕೊಂಡಿದ್ದರು. ಮಗುವನ್ನು ಬಿಟ್ಟು ಹೋಗುವುದಕ್ಕೆ ಮಗಳಿಗೆ ಮನಸ್ಸಾಗಲಿಲ್ಲ. ಪ್ರವಾಸದ ಕಚೇರಿಯವರು ಹೆಸರು ಬದಲಾಯಿಸಬಹುದು, ತಾರೀಕು ಆಗುವುದಿಲ್ಲ ಎಂದರು. ಮಗಳು ಫೋನು ಕೆಳಗಿಟ್ಟು ಇಬ್ಬರು ಅಮ್ಮಂದಿರ ಮುಖವನ್ನೂ ಒಂದಾದ ಮೇಲೆ ಒಂದು ನೋಡಿದಳು. ತಲೆ ಕೆಡಿಸಿದ್ದ ಲೆಕ್ಕವೊಂದು ತಾನಾಗಿ ಬಿಡಿಸಿಕೊಂಡಂತೆ ಅವಳ ಮುಖ ಅರಳಿತು.

"ನೀವಿಬ್ಬರೂ ಹೋಗಿ ಬನ್ನಿ. ಐದು ದಿನ ಇಲ್ಲೇ ನಮಗೆ ಟೂರಿಗೆ ಹೋದ ಹಾಗಿರತ್ತೆ."

ಇಬ್ಬರೂ ಒಲ್ಲೆ ಎಂದರು. ಆಕೆ ಒಲ್ಲೆ ಅನ್ನುವುದಾದರೆ ತಾನು ಹೋಗಬಹುದಿತ್ತು ಎಂಬ ಯೋಚನೆ ಇಬ್ಬರಿಗೂ ಒಟ್ಟಿಗೇ ಬಂದಿರಬೇಕು. ಮರುಗಳಿಗೆಯಲ್ಲಿ ಇಬ್ಬರೂ ಹ್ಞೂ ಎಂದಿದ್ದರು.

ಬಸ್ಸಿನ ಮುಂಗಾಜಿನ ಮೇಲೆ ಜೋಡಿಹಕ್ಕಿಗಳಿಗೆ ಸ್ವಾಗತ ಎಂದು ಬರೆದಿತ್ತು. ಹದಿಮೂರು ಜೋಡಿ ಗಂಡಹೆಂಡಿರು ಹತ್ತಿ ಕೂತ ಮೇಲೆ ಗೈಡು ಹದಿನಾಲ್ಕನೆಯ ಜೋಡಿಯ ಹೆಸರು ಓದಿ, ತಲೆ ಎತ್ತಿ, ಮತ್ತೆ ಹಾಳೆ ನೋಡಿದ. ಬೀಗಿತ್ತಿ ತಲೆಯೆತ್ತಿಕೊಂಡೇ ಹತ್ತಿ ಕಿಟಕಿಯ ಸೀಟು ಹಿಡಿದಳು. ಅರ್ಧ ದಾರಿಗೆ ಸೀಟು ಅದಲುಬದಲು ಎಂದು ಬಸ್ಸು ಹೊರಡುವ ಮೊದಲೇ ಕರಾರಾಯಿತು. ಆ ಅರ್ಧ ದಾರಿ ಯಾವುದು ಎಂಬ ಜಗಳದಲ್ಲಿ ದಾರಿಯೆಲ್ಲ ಮುಗಿಯಿತು.

ಹೋಟೆಲಿನ ಕೋಣೆಯಲ್ಲಿ ಇದ್ದದ್ದು ಒಂದೇ ಮಂಚ. ಮಂಚದ ತುಂಬ ಹೂವಿನ ಪಕಳೆ. ನಡುವೆ ಟವೆಲ್ಲಿನಲ್ಲಿ ಮಾಡಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು. ಎಕ್ಸರೇ ಅಮ್ಮನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಬೀಗಿತ್ತಿ ಮಾತ್ರ ಹತ್ತಿರ ಹೋಗಿ, ಒಳ್ಳೇ ಬಟ್ಟೆ, ಸುಮ್ಮನೆ ಕತ್ತು ತಿರುಚಿಬಿಟ್ಟಿದ್ದಾರೆ, ಎಂದು ಒಂದು ಹಂಸವನ್ನು ಮಡಿಕೆ ಮಡಿಕೆಯಾಗಿ ಬಿಚ್ಚಿದಳು. ಎಲ್ಲಿ ಸುತ್ತಿದ್ದಾರೆ, ಎಲ್ಲಿ ಸಿಕ್ಕಿಸಿದ್ದಾರೆ ನೋಡಿಕೊಂಡು, ತಿರುಗಿ ಮೊದಲಿಗಿಂತ ಚೆಂದ ಮಾಡಿ ಕೂರಿಸಿದಳು. ಆಮೇಲೆ ಕೊರಳ ಟೇಪು ತೆಗೆದು ಮಂಚ ಅಳೆದು, ಸರಿಯಾಗಿ ಮಧ್ಯಕ್ಕೆ ಒಂದು ದಿಂಬು ಅಡ್ಡ ಹಾಕಿದಳು. ಆ ಗಡಿಯನ್ನು ಇಬ್ಬರೂ ದಾಟಲಿಲ್ಲ.

ಮೂರನೆಯ ಸಂಜೆ ಊಟದ ಹಾಲಿನಲ್ಲಿ ಜೋಡಿಗಳಿಗೆ ಆಟ. ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂರಬೇಕು, ಗೈಡು ಕೇಳಿದ್ದಕ್ಕೆ ಇಬ್ಬರೂ ಸ್ಲೇಟಿನ ಮೇಲೆ ಬರೆಯಬೇಕು, ಉತ್ತರ ಒಂದೇ ಆದರೆ ಅಂಕ. ಹೆಂಡತಿ ಎದ್ದ ಕೂಡಲೇ ಏನು ಮಾಡುತ್ತಾಳೆ ಎಂಬ ಪ್ರಶ್ನೆಗೆ ಒಬ್ಬ ಗಂಡ, ನನ್ನ ಮುಖ ನೋಡಿ ನಗುತ್ತಾಳೆ ಎಂದು ಬರೆದ. ಹೆಂಡತಿಯ ಸ್ಲೇಟಿನಲ್ಲಿ, ಇವರ ಒದ್ದೆ ಟವೆಲ್ಲು ಹಾಸಿಗೆಯಿಂದ ಎತ್ತುತ್ತೇನೆ ಎಂದಿತ್ತು. ಬೀಗಿತ್ತಿಯರ ಸರದಿ ಬಂದಾಗ ಒಬ್ಬಳು, ನಾನು ಮುಚ್ಚಿದ ಕಿಟಕಿ ತೆರೆಯುತ್ತಾರೆ ಎಂದು ಬರೆದಿದ್ದಳು. ಇನ್ನೊಬ್ಬಳು, ಇವರು ಮುಚ್ಚಿದ ಕಿಟಕಿ ತೆರೆಯುತ್ತೇನೆ ಎಂದು. ಊಟದಲ್ಲಿ ಮೊದಲು ಏನು ತಿನ್ನುತ್ತಾರೆ, ಯಾವ ಮಂಡಿ ನೋಯುತ್ತದೆ, ಸುಳ್ಳು ಹೇಳುವಾಗ ಎಲ್ಲಿ ಕೆರೆದುಕೊಳ್ಳುತ್ತಾರೆ, ಒಂದೂ ತಪ್ಪಲಿಲ್ಲ. ಒಂದೇ ಮನೆ ಸೇರಿದಾಗಿನಿಂದ ಒಬ್ಬರ ಕುಂದನ್ನು ಇನ್ನೊಬ್ಬರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದರ ಫಲ ಅದು. ಕೊನೆಯ ಪ್ರಶ್ನೆ: ಇವರಿಗೆ ಏನನ್ನು ಕಂಡರೆ ಸ್ವಲ್ಪವೂ ಆಗುವುದಿಲ್ಲ? ಗೈಡು ಎಕ್ಸರೇ ಅಮ್ಮನನ್ನು ತೋರಿಸಿ ಕೇಳಿದ. ಬೀಗಿತ್ತಿ ತನ್ನ ಸ್ಲೇಟು ಎತ್ತಿ ಹಿಡಿದಳು: ನನ್ನನ್ನು. ಎಕ್ಸರೇ ಅಮ್ಮನ ಸ್ಲೇಟಿನಲ್ಲಿ: ಇವರನ್ನು.

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಇಬ್ಬರೂ ತಿರುಗಿ ಒಬ್ಬರ ಸ್ಲೇಟು ಒಬ್ಬರು ಓದಿದರು. ಬೀಗಿತ್ತಿಯ ಹೊಟ್ಟೆ ಕುಣಿಯತೊಡಗಿತು. ಎಕ್ಸರೇ ಅಮ್ಮನಿಗೆ ಮೊದಲು ಬಂದದ್ದು ಬಿಕ್ಕಳಿಕೆಯಂಥ ಒಂದು ಸದ್ದು, ಏನೋ ಗಂಟಲಿಗೆ ಸಿಕ್ಕಿತೆಂದು ಪಕ್ಕದವರು ನೀರು ಕೊಟ್ಟರು. ಆಕೆ ನಗುತ್ತಿದ್ದಳು. ನಿಲ್ಲಿಸಲು ಬಾರದೆ ಮೇಜಿನ ಅಂಚು ಹಿಡಿದುಕೊಂಡು ನಕ್ಕಳು.

ಬಹುಮಾನ ಬಂದದ್ದು ನಾಲ್ಕು ಚಕ್ರದ ದೊಡ್ಡ ಕೆಂಪು ಸೂಟ್‌ಕೇಸು. ಒಂದೇ ಒಂದು.

ಊರಿಗೆ ಬಂದ ಮೇಲೆ ಅದು ಯಾರದೆಂಬ ಪ್ರಶ್ನೆ ಎದ್ದಿತು. ಆರಾರು ತಿಂಗಳು ಇಟ್ಟುಕೊಳ್ಳಿ ಎಂದು ಅಳಿಯ ನ್ಯಾಯ ಹೇಳಲು ಹೋದ. ಖಾಲಿ ಪೆಟ್ಟಿಗೆ ಇಟ್ಕೊಂಡು ಏನು ಪೂಜೆ ಮಾಡ್ಲಾ ಎಂದು ತಾಯಿಯೇ ಅವನ ಬಾಯಿ ಮುಚ್ಚಿಸಿದಳು. ಸರಿ, ತುಂಬಿಕೊಂಡು ಹೋಗುವುದೇ ಎಂದಾಯಿತು. ತಿಂಗಳು ಕಳೆಯುವುದರೊಳಗೆ ಇಬ್ಬರೂ ಸಮುದ್ರದ ಮುಂದೆ ನಿಂತಿದ್ದರು.

ಇಬ್ಬರೂ ಸಮುದ್ರ ನೋಡಿದ್ದು ಅದೇ ಮೊದಲು. ಪಾದ ಮುಳುಗುವಷ್ಟು ಮಾತ್ರ ಎಂದು ಕೈ ಕೈ ಹಿಡಿದು ನಿಂತರು. ಮೊದಲ ಅಲೆ ಪಾದ ಮುಳುಗಿಸಿತು. ಎರಡನೆಯದು ಇಬ್ಬರನ್ನೂ ಕೆಡವಿ, ಒಂದೊಂದು ಚಪ್ಪಲಿ ಎಳೆದುಕೊಂಡು ಹೋಯಿತು. ಉಳಿದದ್ದು ಇಬ್ಬರದೂ ಎಡಗಾಲಿನದು. ಒದ್ದೆಮುದ್ದೆಯಾಗಿ ಮರಳಲ್ಲಿ ಕೂತು ಸ್ವಲ್ಪ ದೂರದಲ್ಲಿ ತಮ್ಮದೇ ವಯಸ್ಸಿನ ಹೆಂಗಸರು ನೀರಿನ ಮೇಲೆ ಎಲೆಯ ಹಾಗೆ ಮಲಗಿ ತೇಲುವುದನ್ನು ಬಹಳ ಹೊತ್ತು ನೋಡಿದರು. ಊರಿಗೆ ಮರಳಿದ ವಾರವೇ ಈಜುಕೊಳದ ಬೆಳಗಿನ ಹೆಂಗಸರ ತರಗತಿಗೆ ಹೆಸರು ಕೊಟ್ಟರು.

ಈಜುವ ಬಟ್ಟೆಯನ್ನು ಬೀಗಿತ್ತಿಯೇ ಹೊಲಿದಳು. ಮೊಣಕೈವರೆಗೆ ತೋಳು, ಮೊಣಕಾಲವರೆಗೆ ಉದ್ದ, ಎರಡು ಕಡೆ ಜೇಬು. ನೀರಿನಲ್ಲಿ ಜೇಬು ಯಾಕೆ ಎಂದು ಎಕ್ಸರೇ ಅಮ್ಮ ಕೇಳಿದ್ದಕ್ಕೆ, ಜೇಬಿಲ್ಲದ ಬಟ್ಟೆ ನನ್ನ ಕೈಯಲ್ಲಿ ಬರಲ್ಲ ಅಂದಳು. ಕೊಳಕ್ಕೆ ಇಳಿದ ತಕ್ಷಣ ನಾಲ್ಕೂ ಜೇಬು ಸೋರೆಕಾಯಿಯ ಹಾಗೆ ಉಬ್ಬಿಕೊಂಡವು. ಉಸಿರು ಎಳೆದು ಹಿಡಿದುಕೊಳ್ಳಿ ಎಂದಳು ಕಲಿಸುವವಳು. ಲಕ್ಷಾಂತರ ಜನಕ್ಕೆ ಅದೇ ಮಾತು ಹೇಳಿದ್ದ ಎಕ್ಸರೇ ಅಮ್ಮ ಒಮ್ಮೆಯೂ ಅದನ್ನು ತಾನು ಮಾಡಿ ನೋಡಿರಲಿಲ್ಲ. ಎಳೆದಳು, ಹಿಡಿದಳು, ಕಾಲು ಮೇಲೆ ಬಂತು. ಮೂರನೆಯ ವಾರ ಆಕೆ ಅಂಗಾತ ಮಲಗಿ ಕೊಳದ ಒಂದು ಬದಿಯಿಂದ ಇನ್ನೊಂದು ಬದಿಗೆ ತೇಲಿಹೋಗಿ ಗೋಡೆಗೆ ತಲೆ ಹೊಡೆಸಿಕೊಂಡಳು. ಬುಗುಟು ಎದ್ದಿತು. ಆ ಬುಗುಟನ್ನು ಪದಕ ತೋರಿಸಿದಂತೆ ಮನೆಮಂದಿಗೆಲ್ಲ ತೋರಿಸಿದಳು.

ಅಲ್ಲಿಂದ ಇಬ್ಬರೂ ಕಾಲಿಗೆ ಚಕ್ರ ಕಟ್ಟಿಕೊಂಡರು. ತಂತಿಗೆ ನೇತಾಡುವ ಡಬ್ಬಿಯಲ್ಲಿ ಕೂತು ಬೆಟ್ಟ ಹತ್ತಿದರು; ಬೀಗಿತ್ತಿ ಹತ್ತುವ ಪೂರ್ತಿ ಕಣ್ಣು ಮುಚ್ಚಿಕೊಂಡಿದ್ದು, ಇಳಿದ ಮೇಲೆ ಏನೇನು ಕಂಡಿತೆಂದು ಎಲ್ಲರಿಗೂ ವರ್ಣಿಸಿದಳು. ಒಂದು ಗುಹೆಗೆ ಹೋದರು. ಇನ್ನೊಂದು ಊರಿನಲ್ಲಿ ನೋಡುವುದಕ್ಕೆ ಏನೂ ಇಲ್ಲ ಎಂದು ಎಲ್ಲರೂ ಹೇಳಿದ್ದರಿಂದ ಅಲ್ಲಿಗೇ ಹೋಗಿ, ನಿಜವಾಗಿಯೂ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಬಸ್ಸು ತಪ್ಪಿ, ಈರುಳ್ಳಿ ಲಾರಿಯಲ್ಲಿ ಬಂದಿಳಿದರು. ಎರಡು ದಿನ ಮನೆಯೆಲ್ಲ ಈರುಳ್ಳಿಯ ಘಾಟು. ಅಳಿಯ ಇವರ ಹೊಸ ಸಾಹಸವನ್ನು ಕಚೇರಿಯಲ್ಲಿ ಹೇಳಿ ನಗಿಸುತ್ತಿದ್ದ. ಮಗಳು ಮಾತ್ರ ಬರಬರುತ್ತ ಮಾತು ಕಡಿಮೆ ಮಾಡಿದಳು.

ಹೀಗೆ ಸುತ್ತಾಡತೊಡಗಿದ ಒಂಬತ್ತನೆಯ ತಿಂಗಳಲ್ಲಿ ಒಂದು ಸೋಮವಾರ ಇಬ್ಬರೂ ಮಧ್ಯಾಹ್ನದ ರೈಲಿಗೆ ಬಂದು, ಮೊಮ್ಮಗಳನ್ನು ಶಾಲೆಯಿಂದ ಕರೆತರುವುದೆಂದು ಮಾತಾಗಿತ್ತು. ಊರು ಇನ್ನೇನು ಎರಡು ನಿಲ್ದಾಣ ಇದೆ ಅನ್ನುವಾಗ ರೈಲು ಹೊಲಗಳ ನಡುವೆ ನಿಂತಿತು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಬೋಗಿಯಲ್ಲಿ ಇದ್ದದ್ದು ಇವರಿಬ್ಬರು ಮತ್ತು ಗೊರಕೆ ಹೊಡೆಯುತ್ತಿದ್ದ ಒಬ್ಬ ಮುದುಕ. ಹೊರಗೆ ಬಿಸಿಲು. ಎಕ್ಸರೇ ಅಮ್ಮ ಯಾರೂ ಕೇಳದೆ ಹೇಳತೊಡಗಿದಳು.

ಆ ಭಾನುವಾರವೂ ಎಲ್ಲಿಗಾದರೂ ಹೋಗೋಣ ಎಂದು ಆಕೆ ಗಂಡನನ್ನು ಕೇಳಿದ್ದಳಂತೆ. ಆತ ಎಂದಿನ ಮಾತನ್ನೇ ಆಡಿದ. ಆಕೆಗೆ ರೇಗಿತು. ನಿಮ್ಮನ್ನು ಕಟ್ಟಿಕೊಳ್ಳೋ ಬದಲು ರಸ್ತೆ ಪಕ್ಕದ ಮೈಲಿಗಲ್ಲನ್ನ ಕಟ್ಟಿಕೊಂಡಿದ್ದರೆ ಅದಾದರೂ ಮುಂದಿನ ಊರು ಎಷ್ಟು ದೂರ ಅಂತ ಹೇಳುತ್ತಿತ್ತು, ಎಂದುಬಿಟ್ಟು ಅಡುಗೆಮನೆಗೆ ಹೋದಳು. ಟೀ ಮಾಡಿ ತರುವಷ್ಟರಲ್ಲಿ ಆತ ಇರಲಿಲ್ಲ. ಈ ಮಾತನ್ನು ಆಕೆ ಮಗಳಿಗೂ ಹೇಳಿರಲಿಲ್ಲ.

ಬೀಗಿತ್ತಿ ಕೊರಳ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಮ್ಮೋರಿಗೆ ನಾನು ಕೊನೇ ಸಲ ಏನಂದಿದ್ದೆ ಗೊತ್ತಾ?" ಎಂದಳು ಕಡೆಗೆ. "ಬಾಗಿಲು ಹಾಕ್ರೀ, ಸೊಳ್ಳೆ ಬರ್ತವೆ. ಅಷ್ಟೇ. ಮೂವತ್ತೆಂಟು ವರ್ಷ ಬಾಳಿ, ಸೊಳ್ಳೆ ಬರ್ತವೆ ಅಂದೆ. ನೀನು ಪರವಾಗಿಲ್ಲ ಕಣೇ, ಮೈಲಿಗಲ್ಲು ಅಂತಾದರೂ ಅಂದೆ."

ನೀನು ಎಂದದ್ದನ್ನು ಇಬ್ಬರೂ ಕೇಳಿಸಿಕೊಂಡರು. ಹತ್ತು ವರ್ಷದಲ್ಲಿ ಅದೇ ಮೊದಲು. ಎಕ್ಸರೇ ಅಮ್ಮನ ಮುಖ ಒಮ್ಮೆ ಬಿಗಿಯಿತು, ಒಮ್ಮೆ ಸಡಿಲಾಯಿತು, ಆಮೇಲೆ ಕಟ್ಟೆ ಒಡೆಯಿತು. ಅಳುತ್ತ ಅಳುತ್ತ ನಗು ಬಂತು, ನಗುತ್ತ ನಗುತ್ತ ಅಳು. ಬೀಗಿತ್ತಿಯೂ ಸೇರಿಕೊಂಡಳು. ಎಚ್ಚರವಾದ ಮುದುಕ ಇಬ್ಬರನ್ನೂ ದಿಟ್ಟಿಸಿ ನೋಡಿ, ಏನೂ ಕೇಳದೆ ತನ್ನ ಗಂಟುಮೂಟೆ ಎತ್ತಿಕೊಂಡು ಪಕ್ಕದ ಬೋಗಿಗೆ ಹೋದ. ಅದಕ್ಕೆ ಇನ್ನಷ್ಟು ನಕ್ಕರು. ರೈಲು ಹೊರಟಾಗ ಇಬ್ಬರ ಕಣ್ಣೂ ಮೂಗೂ ಕೆಂಪಗಾಗಿದ್ದವು, ಮೈ ಹಗುರಾಗಿತ್ತು.

ಚೀಲದ ತಳದಲ್ಲಿ ಫೋನು ಹನ್ನೊಂದು ಸಲ ಬಡಿದುಕೊಂಡಿತ್ತು. ಇಬ್ಬರಿಗೂ ಕೇಳಿಸಿರಲಿಲ್ಲ.

ಮೊಮ್ಮಗಳು ಶಾಲೆಯ ಗೇಟಿನ ಬಳಿ ಕಾವಲಿನವನ ಸ್ಟೂಲಿನ ಮೇಲೆ ಒಂದೂವರೆ ಗಂಟೆ ಕೂತಿದ್ದಳು. ಅವಳೇನೋ ಕಾವಲಿನವನಿಗೆ ಚೌಕಾಬಾರ ಕಲಿಸಿ ಎರಡಾಟ ಗೆದ್ದ ಖುಷಿಯಲ್ಲಿದ್ದಳು. ಆದರೆ ಮಗಳು ತರಗತಿ ಅರ್ಧಕ್ಕೆ ಬಿಟ್ಟು ಓಡಿಬಂದಿದ್ದಳು. ಮನೆಗೆ ಬಂದ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿ, ದನಿ ಏರಿಸದೆ ಹೇಳಿದಳು.

"ಹೆಸರಿಗೆ ಇಬ್ಬಿಬ್ಬರು ಅಮ್ಮಂದಿರು. ಬೇಕಾದಾಗ ಒಬ್ಬರೂ ಇಲ್ಲ."

ತಪ್ಪು ತಮ್ಮದು. ಅದು ಇಬ್ಬರಿಗೂ ಗೊತ್ತಿತ್ತು. ಕೆಂಪು ಸೂಟ್‌ಕೇಸು ಅಟ್ಟ ಸೇರಿತು. ಮರುದಿನದಿಂದ ಶಾಲೆ ಬಿಡುವ ಅರ್ಧ ಗಂಟೆ ಮೊದಲೇ ಇಬ್ಬರೂ ಗೇಟಿನಲ್ಲಿ ಹಾಜರು. ಅಡುಗೆಗೆ ಒಂದೇ ಸಲ ಉಪ್ಪು, ಕಿಟಕಿ ಅರ್ಧ ತೆರೆದು ಅರ್ಧ ಮುಚ್ಚಿ. ಮನೆ ಆಸ್ಪತ್ರೆಯ ವಾರ್ಡಿನ ಹಾಗೆ ಶಾಂತವಾಯಿತು. ಒಂದು ತಿಂಗಳು ಯಾರೂ ಜೋರಾಗಿ ನಗಲಿಲ್ಲ. ಅಮ್ಮನಿಗೆ ಹುಷಾರಿಲ್ಲವಾ ಎಂದು ಅಳಿಯ ಹೆಂಡತಿಯನ್ನು ಎರಡು ಸಲ ಕೇಳಿದ.

ಒಂದು ಶನಿವಾರ ಮಧ್ಯಾಹ್ನ ಮಗಳು ಊಟದ ಮೇಜಿನ ಮೇಲೆ ಉತ್ತರಪತ್ರಿಕೆಗಳ ರಾಶಿ ಹರವಿಕೊಂಡು ಕೂತಿದ್ದಳು. ಎಕ್ಸರೇ ಅಮ್ಮ ಟೀ ತಂದಿಟ್ಟಳು. ಇನ್ನೂ ಕೋಪ ಇದೆಯಾ ಎಂದು ಕೇಳಿಯೂ ಬಿಟ್ಟಳು. ಮಗಳು ಕೆಂಪು ಪೆನ್ನಿನ ಕ್ಯಾಪು ಹಾಕಿ, ತೆಗೆದು, ಮತ್ತೆ ಹಾಕಿದಳು.

"ಕೋಪ ಅಲ್ಲಮ್ಮ. ಹೊಟ್ಟೆಕಿಚ್ಚು," ಎಂದಳು. "ಆ ಸರೋವರ ನಾನು ನೋಡಬೇಕಿತ್ತು. ನಂದು ಅದು. ನೀವು ಹೋಗಿ ಬಂದ್ರಿ, ಆಮೇಲೆ ಸಮುದ್ರ, ಬೆಟ್ಟ, ಏನೇನೋ. ನಾನು ಹತ್ತು ವರ್ಷದಿಂದ ಇದೇ ತ್ರಿಕೋನ ತಿದ್ದುತಾ ಇದ್ದೀನಿ. ಒಂದು ಸಲಾನಾದ್ರೂ ನೀನೂ ಬಾ ಅಂತ ಕರೆದ್ರಾ?"

ಜನರ ಒಳಗನ್ನು ನೋಡುವುದೇ ಕಸುಬಾಗಿದ್ದವಳಿಗೆ ಮನೆಯಲ್ಲೇ ಇದ್ದದ್ದು ಕಂಡಿರಲಿಲ್ಲ. ಪಕ್ಕದ ಕೋಣೆಯಲ್ಲಿ ಹೊಲಿಗೆಯ ಯಂತ್ರದ ಸದ್ದು ನಿಂತಿತ್ತು. ಬೀಗಿತ್ತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆಕೆ ಹೊರಗೆ ಬಂದು, ಸ್ಟೂಲು ಎಳೆದುಕೊಂಡು ಅಟ್ಟದ ಕೆಳಗೆ ನಿಂತಳು.

"ಹಿಡ್ಕೊಳ್ಳೇ," ಎಂದಳು ಎಕ್ಸರೇ ಅಮ್ಮನಿಗೆ. "ನನ್ನ ಮಂಡಿ ನಿಂಗೊತ್ತಲ್ಲ."

ಶಾಲೆಗೆ ರಜೆ ಬಿದ್ದ ಮೂರನೆಯ ದಿನ ಮೂವರು ಹೆಂಗಸರೂ ಒಬ್ಬ ಮೊಮ್ಮಗಳೂ ರೈಲು ಹತ್ತಿದರು, ಅದೇ ಸರೋವರದ ಊರಿಗೆ. ಅಳಿಯನನ್ನೂ ಕರೆದಿದ್ದರು, ಆತ ಹತ್ತು ವರ್ಷದಲ್ಲಿ ಮೊದಲ ಸಲ ಖಾಲಿ ಮನೆ ಸಿಗುವ ಆಸೆಗೆ ಸೋತು, ನಿಲ್ದಾಣದವರೆಗೆ ಬಂದು ಕೈ ಬೀಸಿದ. ಮಗಳು ಕಿಟಕಿಯ ಪಕ್ಕ ಕೂತಳು. ದಾರಿಯುದ್ದಕ್ಕೂ ಏನೇನು ನೋಡಬೇಕೆಂದು ಆಕೆ ಒಂದು ಹಾಳೆಯ ತುಂಬ ಬರೆದುಕೊಂಡು ಬಂದಿದ್ದಳು: ಎರಡು ನದಿ, ಒಂದು ಸುರಂಗ, ಹಳೆಯ ದೀಪಸ್ತಂಭ. ಮೊದಲ ನದಿಗೆ ಇನ್ನೂ ಕಾಲು ಗಂಟೆ ಇರುವಾಗ ನಿದ್ದೆಗೆ ಜಾರಿದವಳಿಗೆ ಎಚ್ಚರವೇ ಆಗಲಿಲ್ಲ. ಹತ್ತು ವರ್ಷದ ನಿದ್ದೆ ಒಟ್ಟಿಗೇ ಬಂದಿತ್ತು. ತಲೆ ಮೆಲ್ಲಗೆ ವಾಲಿ ಪಕ್ಕದಲ್ಲಿದ್ದ ಅತ್ತೆಯ ಹೆಗಲ ಮೇಲೆ ನಿಂತಿತು.

ಎದುರಿಗೆ ಕೂತಿದ್ದ ಎಕ್ಸರೇ ಅಮ್ಮನಿಗೆ ಒಳಗೆ ಎಲ್ಲೋ ಚುರುಕ್ ಎಂದಿತು, ತನ್ನ ಪಕ್ಕ ಕೂರಿಸಿಕೊಳ್ಳಬೇಕಿತ್ತು ಎಂದು. ಮರುಗಳಿಗೆಯೇ ಬೀಗಿತ್ತಿಯ ಅವಸ್ಥೆ ಕಂಡು ನಗು ತಡೆಯದಾಯಿತು. ಸೊಸೆಗೆ ಎಚ್ಚರವಾದೀತೆಂದು ಆಕೆ ಕಂಬದ ಹಾಗೆ ಕೂತಿದ್ದಳು. ತೋಳು ಜೋಮು ಹಿಡಿದಿತ್ತು. ಮೂಗಿನ ತುದಿ ಕೆರೆಯುತ್ತಿತ್ತು, ಕೈ ಎತ್ತುವಂತಿಲ್ಲ. ಕಣ್ಣಲ್ಲೇ ಸನ್ನೆ ಮಾಡಿದಳು. ಎಕ್ಸರೇ ಅಮ್ಮ ಮುಂದೆ ಬಾಗಿ ಮೂಗು ಕೆರೆದುಕೊಟ್ಟಳು. ಮೊಮ್ಮಗಳು ಬಾಯಿಗೆ ಎರಡೂ ಕೈ ಒತ್ತಿಕೊಂಡು ಕುಲುಕಿ ಕುಲುಕಿ ನಗುತ್ತಿದ್ದಳು.

ಎರಡೂ ನದಿ ಹೋದವು. ಸುರಂಗ ಬಂತು, ಹೋಯಿತು. ಮಗಳ ಮಡಿಲಲ್ಲಿದ್ದ ಹಾಳೆಯನ್ನು ಮೊಮ್ಮಗಳು ಮೆಲ್ಲಗೆ ಎಳೆದುಕೊಂಡು, ಅಮ್ಮನ ಪರವಾಗಿ ಒಂದೊಂದಕ್ಕೂ ಸರಿ ಗುರುತು ಹಾಕಿದಳು. ಟೀ ಮಾರುವವನು ಬಂದಾಗ ಎಕ್ಸರೇ ಅಮ್ಮ ಎರಡು ಲೋಟ ಕೊಂಡು, ಒಂದನ್ನು ಊದಿ ಆರಿಸಿ ಬೀಗಿತ್ತಿಯ ತುಟಿಗೆ ಹಿಡಿದಳು. ಆಕೆ ಒಂದು ಗುಟುಕು ಕುಡಿದು, ಸಕ್ಕರೆ ಸಾಲದು ಎಂದು ಪಿಸುಗುಟ್ಟಿದಳು.